ಎದುರು ಕೋಣೆಗೆ ಹದಿನೈದು ಹೆಜ್ಜೆ

ನಮ್ಮ ವಿಶ್ವವಿದ್ಯಾಲಯದಲ್ಲಿ ಯಾರನ್ನಾದರೂ ಬೀಳ್ಕೊಡಬೇಕೆಂದರೆ ಒಂದು ಮೈಸೂರು ಪೇಟ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಅಭಿನಂದನಾ ಪತ್ರ ಬೇಕೇ ಬೇಕು. ಪೇಟ ಯಾವತ್ತೂ ಯಾರ ತಲೆಗೂ ಸರಿಯಾಗಿ ಕೂತದ್ದಿಲ್ಲ. ಬುಟ್ಟಿಯಲ್ಲಿ ಮೇಲೆ ನಾಲ್ಕು ಸೇಬು, ಕೆಳಗೆಲ್ಲ ಕಾಗದದ ಚೂರು. ಅಭಿನಂದನಾ ಪತ್ರ ಬರೆಯುವ ಕೆಲಸ ಮಾತ್ರ ಇಪ್ಪತ್ತು ವರ್ಷಗಳಿಂದ ನನ್ನದು. ‘ಸರಳ ಸಜ್ಜನಿಕೆಯ ಮೂರ್ತಿಯೇ’ ಎಂದು ನಾನು ಎಷ್ಟು ಜಗಳಗಂಟರನ್ನು ಕರೆದಿದ್ದೇನೋ ದೇವರಿಗೇ ಗೊತ್ತು. ಹೀಗಾಗಿ ಕಲಾ ನಿಕಾಯದ ಡೀನ್ ಆಗಿದ್ದ ನನ್ನನ್ನೇ ಉತ್ತರ ಕರ್ನಾಟಕದ ಹೊಸ ವಿಶ್ವವಿದ್ಯಾಲಯವೊಂದಕ್ಕೆ ಕುಲಪತಿಯಾಗಿ ನೇಮಿಸಿದ ಆದೇಶ ಬಂದಾಗ, ನಮ್ಮ ಕಚೇರಿಯಲ್ಲಿ ಎದ್ದ ಮೊದಲ ಪ್ರಶ್ನೆ ಪತ್ರ ಯಾರು ಬರೆಯುವುದು ಎಂಬುದಾಗಿತ್ತು.

ಕಚೇರಿಯ ಸೂಪರಿಂಟೆಂಡೆಂಟ್ ತಲೆ ಕೆರೆದುಕೊಳ್ಳುತ್ತ ಬಂದರು.

“ಮೇಡಂ, ಬೇಜಾರ್ ಮಾಡ್ಕೋಬಾರ್ದು. ಪತ್ರ ನೀವೇ ಬರ್ದ್ಕೊಟ್ಬಿಟ್ರೆ ಒಳ್ಳೇದಿತ್ತು.”

“ನನ್ನನ್ನ ನಾನೇ ಹೊಗಳ್ಕೊಳ್ಲಾ?”

“ಸ್ವಲ್ಪ ಕಮ್ಮಿ ಹೊಗಳ್ಕೊಳ್ಳಿ ಮೇಡಂ.”

ಗದರಿ ಕಳಿಸಿದೆ. ಹಳೆಯ ಪತ್ರ ಯಾವುದಾದರೂ ಒಂದನ್ನು ನೋಡಿಕೊಂಡು ಬರೆಸಿ ಎಂದೆ. ಆ ಮಾತಿಗೆ ಆಮೇಲೆ ತಕ್ಕ ಬೆಲೆ ತೆತ್ತೆ.

ನಿಜವಾದ ಚಿಂತೆ ಬೇರೆ ಇತ್ತು. ಡೀನ್ ಹುದ್ದೆಯ ಅವಧಿ ಮೂರು ವರ್ಷ. ನನಗೆ ಇನ್ನೂ ಐದು ತಿಂಗಳು ಉಳಿದಿತ್ತು. ನಡುವೆ ಬಿಟ್ಟು ಹೋಗುವವರು ತಮ್ಮ ನಂತರದ ಹಿರಿಯರಿಗೆ ಪ್ರಭಾರ ವಹಿಸಿಕೊಟ್ಟು ಹೋಗಬೇಕು. ನನ್ನ ನಂತರದ ಹಿರಿಯಳು ಎದುರು ಕೋಣೆಯಲ್ಲಿದ್ದಳು. ಸಮಾಜಶಾಸ್ತ್ರದ ಮುಖ್ಯಸ್ಥೆ. ಎಂ.ಎ. ಓದುವಾಗಿನಿಂದ ನನ್ನ ಗೆಳತಿ. ಅವಳಿಗೆ ನಿವೃತ್ತಿಗೆ ಮೂರು ತಿಂಗಳಿತ್ತು. ಎರಡೂವರೆ ವರ್ಷದಿಂದ ನಾವಿಬ್ಬರೂ ಮಾತಾಡಿರಲಿಲ್ಲ.

ಮಾತಾಡಿರಲಿಲ್ಲ ಎಂದರೆ ಜಗಳವಾಗಿ ಮುಖ ತಿರುಗಿಸಿಕೊಂಡದ್ದಲ್ಲ. ಕಾರಿಡಾರಿನಲ್ಲಿ ಎದುರಾದರೆ ನಮಸ್ಕಾರ ಹೇಳುತ್ತಿದ್ದಳು. ಸಭೆಯಲ್ಲಿ ‘ಮಾನ್ಯ ಡೀನ್ ಅವರು’ ಎನ್ನುತ್ತಿದ್ದಳು. ಉಳಿದದ್ದೆಲ್ಲ ಫೈಲಿನ ಮೇಲೆ. ಅವಳು ‘ಅನುಮೋದನೆಗಾಗಿ ಮಂಡಿಸಿದೆ’ ಎಂದು ನೀಲಿ ಇಂಕಿನಲ್ಲಿ ಬರೆಯುವಳು, ನಾನು ‘ಅನುಮೋದಿಸಿದೆ’ ಎಂದು ಹಸಿರು ಇಂಕಿನಲ್ಲಿ ಬರೆಯುವೆ. ನಮ್ಮಲ್ಲಿ ಹಸಿರು ಇಂಕು ಡೀನ್ ಒಬ್ಬರಿಗೇ ಮೀಸಲು. ಫೈಲಿನ ಲೋಕದಲ್ಲಿ ಇನ್ನೊಂದು ಮಾತಿದೆ: ‘ಚರ್ಚಿಸಿ’. ವಿಷಯ ಬರೆದು ಮುಗಿಯುವಂಥದ್ದಲ್ಲ, ಎದ್ದು ಬಂದು ಎದುರಿಗೆ ಕೂತು ಮಾತಾಡಿ ಎಂದು ಅದರ ಅರ್ಥ. ದಿನಕ್ಕೆ ಹತ್ತು ಫೈಲಿನ ಮೇಲೆ ನಾನು ಅದನ್ನು ಬರೆಯುತ್ತಿದ್ದೆ. ಅವಳ ಫೈಲಿನ ಮೇಲೆ ಮಾತ್ರ ಒಮ್ಮೆಯೂ ಬರೆದಿರಲಿಲ್ಲ. ನಮ್ಮಿಬ್ಬರ ಬಾಗಿಲುಗಳ ನಡುವೆ ಹದಿನೈದು ಹೆಜ್ಜೆ, ಒಂದು ನೀರಿನ ಫಿಲ್ಟರ್, ಇಷ್ಟೇ ಇದ್ದದ್ದು.

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಬರೆಯುತ್ತ ಬರೆಯುತ್ತ ನನ್ನ ಕಡೆಗೇ ವಾಲಿಕೊಂಡುಬಿಡುತ್ತೇನೆ.

ನಾವಿಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ನನ್ನ ಮನೆ ಚಾಮರಾಜಪೇಟೆ, ಅವಳದು ಬಸವನಗುಡಿ. ಆ ದಿನ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಸೇರಿ, ತಲೆಗೆ ಒಂದೊಂದು ಮೊಳ ಮಲ್ಲಿಗೆ ಮುಡಿದು, ಸರ್ಟಿಫಿಕೇಟುಗಳ ಜೆರಾಕ್ಸ್ ಮಾಡಿಸಿಕೊಂಡು ಆಟೊ ಹತ್ತಿದೆವು. ವಿಶ್ವವಿದ್ಯಾಲಯದ ಗೇಟಿನಲ್ಲಿ ಇಳಿದಾಗ ನೋಡುತ್ತೇನೆ, ಕೈಯಲ್ಲಿ ನಕಲು ಪ್ರತಿಗಳಿವೆ, ಅಸಲು ಇಲ್ಲ. ನನ್ನ ಮಾರ್ಕ್ಸ್ ಕಾರ್ಡುಗಳು, ಡಿಗ್ರಿ ಸರ್ಟಿಫಿಕೇಟು, ಹುಟ್ಟಿದ ದಿನಾಂಕದ ದಾಖಲೆ, ಎಲ್ಲ ಇದ್ದ ಫೈಲನ್ನು ಜೆರಾಕ್ಸ್ ಅಂಗಡಿಯಲ್ಲೇ ಬಿಟ್ಟಿದ್ದೆ. ರಿಜಿಸ್ಟರಿನಲ್ಲಿ ಸಹಿ ಹಾಕಬಹುದು, ಆದರೆ ಮಧ್ಯಾಹ್ನದೊಳಗೆ ಅಸಲು ತೋರಿಸದಿದ್ದರೆ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ. ನಾನು ಗೇಟಿನ ಹತ್ತಿರವೇ ಅಳುವುದಕ್ಕೆ ಶುರುಮಾಡಿದೆ.

ಅವಳು ಅಳುವವಳಲ್ಲ. “ಥೂ, ಕಣ್ಣೊರೆಸ್ಕೊ. ನೀನು ಒಳಗೆ ಹೋಗಿ ರಿಜಿಸ್ಟರಲ್ಲಿ ಸೈನ್ ಮಾಡಿ ಕೂತಿರು. ನಾನು ತರ್ತೀನಿ,” ಎಂದವಳೇ ಅದೇ ಆಟೊದಲ್ಲಿ ವಾಪಸು ಹೋದಳು. ನಾನು ಹತ್ತೂವರೆಗೆ ಸಹಿ ಹಾಕಿದೆ. ಅವಳು ಬೆವರಿಳಿಸಿಕೊಂಡು, ನನ್ನ ಫೈಲನ್ನು ಎದೆಗವಚಿಕೊಂಡು ಬಂದು, ಮೊದಲು ಅದನ್ನು ನನ್ನ ಕೈಗಿಟ್ಟು, ಆಮೇಲೆ ತನ್ನ ಸಹಿ ಹಾಕಿದಾಗ ಹನ್ನೊಂದೂಕಾಲು. ತಲೆಯಲ್ಲಿದ್ದ ಮಲ್ಲಿಗೆ ಎಲ್ಲೋ ಬಿದ್ದುಹೋಗಿತ್ತು.

ಆ ಮುಕ್ಕಾಲು ಗಂಟೆಯನ್ನು ಇಪ್ಪತ್ತೈದು ವರ್ಷ ಯಾರೂ ನೆನೆಯಲಿಲ್ಲ. ಮಧ್ಯಾಹ್ನ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚಿ ಊಟ ಮಾಡಿದೆವು. ಅವಳ ಮನೆಯ ಹಿತಕಿದ ಅವರೆಬೇಳೆ ಹುಳಿ ನನಗೆ, ನಮ್ಮ ಮನೆಯ ಒತ್ತು ಶಾವಿಗೆ ಅವಳಿಗೆ. ಮಕ್ಕಳ ಜ್ವರ, ಅತ್ತೆಯರ ಮಾತು, ವಿದ್ಯಾರ್ಥಿಗಳ ಪ್ರೇಮ ಪ್ರಕರಣ, ನಮ್ಮ ನಡುವೆ ಬಾರದ ವಿಷಯವೇ ಇರಲಿಲ್ಲ.

ಆಮೇಲೆ ಡೀನ್ ಸರದಿ ಬಂತು. ಹಿರಿತನ ಯಾರದು? ಇಬ್ಬರೂ ಒಂದೇ ದಿನ ಸೇರಿದವರು, ಬೇರೆ ಬೇರೆ ವಿಷಯದವರಾದ್ದರಿಂದ ರ‍್ಯಾಂಕ್ ಹೋಲಿಸುವಂತಿಲ್ಲ, ವಯಸ್ಸು ನಮ್ಮ ನಿಯಮದಲ್ಲಿ ಲೆಕ್ಕಕ್ಕಿಲ್ಲ. ಕಚೇರಿಯವರು ಹಳೆಯ ರಿಜಿಸ್ಟರ್ ತೆಗೆದರು. ಅದರಲ್ಲಿ ನನ್ನ ಹತ್ತೂವರೆ, ಅವಳ ಹನ್ನೊಂದೂಕಾಲು. ಅವಳ ನಿವೃತ್ತಿ ನನ್ನ ಅವಧಿ ಮುಗಿಯುವ ಮೊದಲೇ ಬರುವುದರಿಂದ, ಈ ಸಲ ತಪ್ಪಿದರೆ ಅವಳಿಗೆ ಇನ್ನು ಸರದಿಯೇ ಇಲ್ಲ. ಕುಲಸಚಿವರು ಇಬ್ಬರನ್ನೂ ಕರೆದು ಪಕ್ಕಪಕ್ಕದಲ್ಲಿ ಕೂರಿಸಿ, ರಿಜಿಸ್ಟರ್ ತೋರಿಸಿ ಕೇಳಿದರು: “ಏನಾದ್ರೂ ಹೇಳೋದಿದ್ಯಾ?”

ಅವಳು ನನ್ನ ಕಡೆ ತಿರುಗಿದ್ದು ನನಗೆ ಗೊತ್ತಾಯಿತು. ನಾನು ಎದುರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಅದರಲ್ಲಿ ಹಂಪಿಯ ಕಲ್ಲಿನ ರಥದ ಚಿತ್ರವಿತ್ತು. ಇತಿಹಾಸ ಪಾಠ ಮಾಡುವವಳು ನಾನು, ಆ ರಥವನ್ನು ಜನ್ಮದಲ್ಲೇ ಕಂಡಿರದವಳ ಹಾಗೆ ನೋಡಿದೆ. ಆಮೇಲೆ ಅವಳೇ, “ಏನೂ ಇಲ್ಲ ಸರ್,” ಎಂದಳು.

ಮರುದಿನದಿಂದ ಅವಳು ತನ್ನ ಕೋಣೆಯಲ್ಲೇ ಊಟ ಮಾಡಿದಳು. ನನಗೆ ‘ತಾವು’ ಎಂದಳು. ನಾನು ನನ್ನ ಮನಸ್ಸಿಗೆ ನೂರು ಸಮಾಧಾನ ಹೇಳಿಕೊಂಡೆ. ದಾಖಲೆ ದಾಖಲೆಯೇ, ನಾನೇನು ತಿದ್ದಿದೆನೇ, ಅವಳೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ, ಹೀಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಸಭೆಯಲ್ಲಿ ಯಾರಾದರೂ ‘ಹಿರಿತನ’ ಎಂದರೆ ಸಾಕು, ನಾನು ಕನ್ನಡಕ ಒರೆಸಲು ಕೂರುತ್ತಿದ್ದೆ.

ಈಗ ಮೂರು ತಿಂಗಳ ಮಟ್ಟಿಗಾದರೂ ಆ ಕುರ್ಚಿ ಅವಳಿಗೆ ಸಲ್ಲುವಂತಿತ್ತು. ಅವಳು ಒಪ್ಪಿ ಸಹಿ ಹಾಕಬೇಕು, ಅಷ್ಟೇ. ಶುಕ್ರವಾರ ಸಂಜೆ ಐದರೊಳಗೆ ಒಪ್ಪದಿದ್ದರೆ ಪ್ರಭಾರ ಅವಳ ನಂತರದವರಿಗೆ ಹೋಗುತ್ತದೆ. ಆ ಪ್ರಾಧ್ಯಾಪಕರು ಸೋಮವಾರವೇ ನನ್ನ ಕೋಣೆಗೆ ಬಂದು, ಅಭಿನಂದನೆ ಹೇಳಿ, ಕುರ್ಚಿ ಪೂರ್ವಕ್ಕೆ ತಿರುಗಿಸಲು ಜಾಗ ಇದೆಯೇ ಎಂದು ಕಣ್ಣಲ್ಲೇ ಅಳೆದು ಹೋಗಿದ್ದರು. ನಾಮಫಲಕಕ್ಕೂ ಹೇಳಿಬಿಟ್ಟಿದ್ದಾರೆ ಎಂಬ ಸುದ್ದಿ ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ.

ಮಂಗಳವಾರ ನಾನು ಟಿಪ್ಪಣಿ ಕಳಿಸಿದೆ: ‘ಪ್ರಭಾರ ವಹಿಸಿಕೊಳ್ಳಲು ತಮ್ಮ ಒಪ್ಪಿಗೆಯನ್ನು ತಿಳಿಸಬೇಕಾಗಿ ಕೋರಿದೆ.’ ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ಉಳಿದಿರುವ ಸೇವಾವಧಿ ಅತ್ಯಲ್ಪ. ಕಿರಿಯರಿಗೆ ವಹಿಸಬಹುದು.’ ನನಗೆ ಸಿಟ್ಟು ನೆತ್ತಿಗೇರಿತು. ಬುಧವಾರ ನಿಯಮದ ಸಂಖ್ಯೆಯನ್ನೆಲ್ಲ ಹಾಕಿ ಇನ್ನೊಂದು ಟಿಪ್ಪಣಿ ಬರೆದೆ. ಅದಕ್ಕೆ ಬಂದದ್ದು ಒಂದೇ ಮಾತು: ‘ನೋಡಿದೆ.’

ಗುರುವಾರ ಅದೇ ಫೈಲಿನ ಮೇಲೆ, ಎರಡೂವರೆ ವರ್ಷದಲ್ಲಿ ಮೊದಲ ಬಾರಿಗೆ, ‘ಚರ್ಚಿಸಿ’ ಎಂದು ಬರೆದೆ. ಇಡೀ ಮಧ್ಯಾಹ್ನ ಬಾಗಿಲನ್ನೇ ನೋಡುತ್ತ ಕೂತೆ. ಫಿಲ್ಟರ್ ಹತ್ತಿರ ಅವಳು ನೀರು ಹಿಡಿದುಕೊಂಡ ಸದ್ದು ಕೇಳಿಸಿತು, ಚಪ್ಪಲಿಯ ಸದ್ದು ವಾಪಸು ಹೋಯಿತು. ನಾಲ್ಕು ಗಂಟೆಗೆ ಸೂಪರಿಂಟೆಂಡೆಂಟ್ ಫೈಲು ತಂದು ಮೇಜಿನ ಮೇಲಿಟ್ಟರು. ನನ್ನ ‘ಚರ್ಚಿಸಿ’ಯ ಕೆಳಗೆ ಮತ್ತೆ ‘ನೋಡಿದೆ’.

“ಮೇಡಂ, ಚಿಕ್ಕವನು ಹೇಳ್ತಿದೀನಿ ಅನ್ಕೋಬೇಡಿ,” ಎಂದರು ಅವರು. ಅವರಿಗೂ ಐವತ್ತೆಂಟು. “ಇದನ್ನ ಹೊತ್ಕೊಂಡು ಮೂರು ದಿನದಿಂದ ಆ ಕಡೆ ಈ ಕಡೆ ಓಡಾಡ್ತಿದೀನಿ. ಹದಿನೈದು ಹೆಜ್ಜೆ ಆಗತ್ತೆ, ಎಣಿಸಿದೀನಿ. ನೀವೇ ಒಂದ್ಸಲ ಹೋಗ್ಬನ್ನಿ.”

“ಡೀನ್ ನಾನು. ಕರ್ದಿದೀನಲ್ಲ, ಅವ್ರೇ ಬರ್ಬೇಕು.”

“ನಾಳೆ ಸಂಜೆ ಐದು ಗಂಟೆವರೆಗೆ ಡೀನು,” ಎಂದು ಹೇಳಿ ಅವರು ಹೋದರು.

ಹೋಗಲಿಲ್ಲ ನಾನು. ಬಾಗಿಲವರೆಗೆ ಹೋಗಿ, ಅವಳ ಕೋಣೆಯ ಪರದೆ ನೋಡಿ, ವಾಪಸು ಬಂದು ಕೂತೆ. ನನ್ನ ಹಟದ ಮೇಲೆ ನನಗೇ ಅಸಹ್ಯವಾಯಿತು.

ಶುಕ್ರವಾರ ಮೂರು ಗಂಟೆಗೆ ಸೆಮಿನಾರ್ ಹಾಲಿನಲ್ಲಿ ಬೀಳ್ಕೊಡುಗೆ. ಬಾಗಿಲಲ್ಲಿ ಖಾರಾಬಾತ್, ಕೇಸರಿಬಾತ್‌ನ ಘಮ. ಹೊಸ ಊರಿನಲ್ಲಿ ಅಧಿಕಾರ ವಹಿಸಿಕೊಳ್ಳಲು ಮತ್ತೆ ಎಲ್ಲ ಅಸಲು ದಾಖಲೆ ಬೇಕಿತ್ತು. ಅವನ್ನೂ ಬಿಡುಗಡೆ ಆದೇಶವನ್ನೂ ಒಂದು ನೀಲಿ ಫೈಲಿನಲ್ಲಿ ಹಾಕಿ, ಈ ಸಲ ಎಲ್ಲೂ ಬಿಡಬಾರದೆಂದು ಬೆಳಿಗ್ಗೆಯಿಂದ ಕಂಕುಳಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ವೇದಿಕೆಯ ಮೇಲೂ ಅದು ನನ್ನ ಮಡಿಲಲ್ಲಿತ್ತು. ಅವಳು ನಾಲ್ಕನೆಯ ಸಾಲಿನ ತುದಿಯಲ್ಲಿ, ಬಾಗಿಲ ಪಕ್ಕ ಕೂತಿದ್ದಳು. ನನ್ನ ಗಂಡ ಮೊದಲ ಸಾಲಿನಲ್ಲಿ.

ಪೇಟ ತೊಡಿಸಿದರು, ಕಿವಿಯವರೆಗೆ ಇಳಿಯಿತು. ಶಾಲು ಹೊದಿಸಿದರು. ಆಮೇಲೆ ಸೂಪರಿಂಟೆಂಡೆಂಟ್ ಗಂಟಲು ಸರಿಮಾಡಿಕೊಂಡು ಅಭಿನಂದನಾ ಪತ್ರ ಓದತೊಡಗಿದರು. ಎರಡು ಸಾಲು ಕೇಳುವಷ್ಟರಲ್ಲಿ ನನಗೆ ತಿಳಿಯಿತು, ಇದು ನನಗಿಂತ ಹಿಂದಿನ ಡೀನರಿಗೆ ನಾನೇ ಬರೆದದ್ದು. ಹೆಸರು ಬದಲಾಗಿದೆ, ಉಳಿದದ್ದು ಹಾಗೆಯೇ ಇದೆ. ತಡೆಯುವಂತೆಯೂ ಇಲ್ಲ. ‘ಸರಳ ಸಜ್ಜನಿಕೆಯ ಮೂರ್ತಿಯೇ’ ದಾಟಿ, ‘ಶಿಷ್ಯವತ್ಸಲರೇ’ ದಾಟಿ, ಅವರು ಏರುದನಿಯಲ್ಲಿ ಓದಿದರು: “ತಮ್ಮ ಧರ್ಮಪತ್ನಿಯವರ ನಿರಂತರ ಸಹಕಾರದಿಂದ ತಾವು ಈ ಎತ್ತರಕ್ಕೆ ಏರಿದ್ದೀರಿ!”

ನನ್ನ ಗಂಡ ಎದ್ದು ನಿಂತು ಸಭೆಗೆ ಕೈಮುಗಿದರು. ಆಮೇಲೆ ನಕ್ಕರು ನೋಡಿ, ಕುಲಸಚಿವರು, ವಿದ್ಯಾರ್ಥಿಗಳು, ಬಾತ್ ಬಡಿಸುವವರು, ಎಲ್ಲ. ಆ ನಗುವಿನ ನಡುವೆ ಒಂದು ನಗು ನನ್ನ ಕಿವಿಗೆ ಬೇರೆಯಾಗಿ ಬಿತ್ತು. ಉಸಿರು ಒಳಗೆಳೆದುಕೊಂಡು, ಮೂಗಿನಲ್ಲಿ ಗೊರಕೆ ಹೊಡೆದ ಹಾಗೆ ನಗುವುದು ಅವಳೊಬ್ಬಳೇ. ತಲೆ ಎತ್ತಿ ನೋಡಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದಳು. ಆ ನಗುವನ್ನು ಕೇಳಿ ಎಷ್ಟು ದಿನವಾಗಿತ್ತು ಎಂದು ನನಗೆ ಅಳು ಬಂತು.

ನನ್ನ ಮಾತಿನ ಸರದಿ ಬಂದಾಗ ಬರೆದು ತಂದಿದ್ದ ಚೀಟಿ ಬಿಚ್ಚಲಿಲ್ಲ.

“ಈ ಪತ್ರದಲ್ಲಿರೋದೆಲ್ಲ ನಾನೇ ಬೇರೆಯವ್ರಿಗೆ ಬರ್ದಿದ್ದು, ಅದಕ್ಕೆ ನಂಬಬೇಡಿ,” ಎಂದೆ. “ಒಂದು ನಿಜ ಹೇಳ್ತೀನಿ. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಸರ್ಟಿಫಿಕೇಟೆಲ್ಲ ಗಾಂಧಿ ಬಜಾರಲ್ಲಿ ಬಿಟ್ಟು ಬಂದಿದ್ದೆ. ಅದನ್ನ ತಂದ್ಕೊಟ್ಟವಳು ನನ್ನ ಗೆಳತಿ. ಅದಕ್ಕೇ ರಿಜಿಸ್ಟರಲ್ಲಿ ಅವಳ ಸಹಿ ನನ್ನ ಸಹಿಗಿಂತ ಮುಕ್ಕಾಲು ಗಂಟೆ ತಡವಾಗಿ ಬಿತ್ತು. ಆ ಮುಕ್ಕಾಲು ಗಂಟೆ ಮೇಲೆ ನಾನು ಡೀನ್ ಆದೆ. ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಆ ಕುರ್ಚಿ ಅವಳದಾಗಿತ್ತು.”

ಇನ್ನೂ ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಎದ್ದು, ಯಾರನ್ನೂ ನೋಡದೆ, ಬಾಗಿಲು ದಾಟಿ ಹೋದಳು. ನಾಮಫಲಕದ ಪ್ರಾಧ್ಯಾಪಕರು ಗಡಿಯಾರ ನೋಡಿಕೊಂಡರು. ನಾಲ್ಕು ಇಪ್ಪತ್ತು.

ನಾನು ವೇದಿಕೆ ಇಳಿದೆ. ಕುಲಸಚಿವರು ಕೇಸರಿಬಾತ್ ತಿನ್ನಿ ಎಂದು ಕರೆಯುತ್ತಿದ್ದರು. ನಿಲ್ಲಲಿಲ್ಲ. ತಲೆಯ ಮೇಲೆ ಪೇಟ, ಹೆಗಲ ಮೇಲೆ ಶಾಲು, ಕಂಕುಳಲ್ಲಿ ನೀಲಿ ಫೈಲು, ಕೈಯಲ್ಲಿ ಪ್ರಭಾರದ ವರದಿ. ಕಾರಿಡಾರಿನಲ್ಲಿ ನನ್ನ ಬಾಗಿಲನ್ನು ದಾಟಿ, ಫಿಲ್ಟರ್ ದಾಟಿ, ಅವಳ ಪರದೆ ಸರಿಸಿದೆ. ನಡುವೆ ಹದಿನೈದಲ್ಲ, ಹದಿಮೂರೇ ಹೆಜ್ಜೆ.

ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

“ಎಲ್ಲರ ಮುಂದೆ ಹೇಳೋ ಅವಶ್ಯಕತೆ ಏನಿತ್ತು?” ಎಂದಳು, ತಿರುಗದೆ.

“ನೀನು ಬರ್ಲಿಲ್ಲ. ಚರ್ಚಿಸಿ ಅಂತ ಬರ್ದೆ, ನೋಡಿದೆ ಅಂತ ಕಳಿಸ್ದೆ.”

“ಊರಿಗೆಲ್ಲ ಹೇಳು ಅಂತ ನಾನು ಕೇಳಿದ್ನಾ? ನನಗೆ ಹೇಳ್ಬೇಕಿತ್ತು. ನನಗೊಬ್ಬಳಿಗೆ. ಕುರ್ಚಿ ಯಾರಿಗೆ ಬೇಕಿತ್ತು? ನೀನೇ ಇಟ್ಕೊ ಅಂತ ನಾನೇ ಅನ್ನೋಳಿದ್ದೆ. ಅವತ್ತು ಒಂದ್ಸಲ ನನ್ನ ಕಡೆ ತಿರುಗಿ ನೋಡಿದ್ರೆ ಸಾಕಾಗಿತ್ತು ಕಣೇ. ಕ್ಯಾಲೆಂಡರ್ ನೋಡ್ತಾ ಕೂತ್ಯಲ್ಲ.”

ಅವಳು ಈಗ ತಿರುಗಿದ್ದಳು. ನಾನು ಈ ಸಲ ಅವಳ ಮುಖವನ್ನೇ ನೋಡಿದೆ. ಕೆನ್ನೆ ಇಳಿದಿತ್ತು, ಹಣೆಯ ಮೇಲೆ ಕೂದಲು ಬೆಳ್ಳಗಾಗಿತ್ತು. ಎರಡೂವರೆ ವರ್ಷ ನಾನು ಅವಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

“ತಪ್ಪಾಯ್ತು,” ಎಂದೆ. ಅದಕ್ಕಿಂತ ಒಳ್ಳೆಯ ಮಾತು ನನಗೆ ಸಿಗಲಿಲ್ಲ. ಇಪ್ಪತ್ತು ವರ್ಷ ಅಭಿನಂದನಾ ಪತ್ರ ಬರೆದವಳಿಗೆ.

ಅವಳ ಕಣ್ಣು ನನ್ನ ಹಣೆಯ ಮೇಲಕ್ಕೆ ಹೋಯಿತು. ಆಮೇಲೆ, “ಮೊದ್ಲು ಆ ಪೇಟ ತೆಗಿ, ನೋಡಕ್ಕಾಗ್ತಿಲ್ಲ,” ಎಂದಳು.

ಪೇಟ ತೆಗೆದು ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಕೈಯಲ್ಲಿದ್ದದ್ದನ್ನೆಲ್ಲ ಇಟ್ಟು, ವರದಿಯನ್ನು ಅವಳ ಮುಂದೆ ಸರಿಸಿದೆ. ಕೆಳಗೆ ಎರಡು ಗೆರೆ: ವಹಿಸಿಕೊಟ್ಟವರು, ವಹಿಸಿಕೊಂಡವರು. ಪೆನ್ನನ್ನು ಅವಳ ಕೈಗೆ ಕೊಟ್ಟು, “ನೀನು ಮೊದಲು ಹಾಕು,” ಎಂದೆ.

“ಕೊಡೋರು ಮೊದಲು ಹಾಕ್ಬೇಕು. ಇಷ್ಟೂ ಗೊತ್ತಿಲ್ದೆ ಕುಲಪತಿ ಬೇರೆ ಆಗ್ತಿದೀಯ.” ಪೆನ್ನನ್ನು ನನಗೇ ವಾಪಸು ಕೊಟ್ಟಳು.

ನಾನು ಹಾಕಿದೆ. ಅವಳು ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು, ಅಲ್ಪವಿರಾಮವನ್ನೂ ಬಿಡದೆ. ಯಾವತ್ತೂ ಹಾಗೆಯೇ ಅವಳು. ನಾಲ್ಕು ಐವತ್ತಕ್ಕೆ ಸಹಿ ಹಾಕಿದಳು. ಬೀಗದ ಕೈ, ಸೀಲು, ಹಸಿರು ಇಂಕಿನ ಪೆನ್ನು, ಮೂರನ್ನೂ ಕೊಟ್ಟೆ. ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಪರದೆಯಾಚೆ ಕೆಮ್ಮಿ, “ಮೇಡಂ, ಸಾರ್ ಕಾರಲ್ಲಿ ಕಾಯ್ತಿದಾರೆ,” ಎಂದರು. ವಿದ್ಯಾರ್ಥಿಗಳು ಮೆಟ್ಟಿಲ ಹತ್ತಿರ ಹೂ ಹಿಡಿದು ನಿಂತಿದ್ದರು. ಎಲ್ಲರಿಗೂ ಕೈಮುಗಿದು, ಹಣ್ಣಿನ ಬುಟ್ಟಿಯ ಜೊತೆ ಕಾರು ಹತ್ತಿದೆ. ಅವಳು ಕೆಳಗೆ ಇಳಿದು ಬರಲಿಲ್ಲ.

ದಾರಿಯುದ್ದಕ್ಕೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಸಹಿ ಹಾಕಿದ್ದಾಳೆ, ನಿಜ. ಸಹಿ ಹಾಕಿದ ಮಾತ್ರಕ್ಕೆ ಕ್ಷಮಿಸಿದ್ದಾಳೆ ಎಂದು ಹೇಳಲಾಗುತ್ತದೆಯೇ? ಕ್ರಮಬದ್ಧವಾಗಿ ನಡೆಯುವವಳು, ಐದು ಗಂಟೆಯ ನಿಯಮಕ್ಕೆ ಹಾಕಿರಬಹುದು. ಗಾಂಧಿ ಬಜಾರಿಗೆ ಬರುವ ಹೊತ್ತಿಗೆ ಹೂವಿನವರು ಸಂಜೆಯ ಹೂವಿಗೆ ನೀರು ಚಿಮುಕಿಸುತ್ತಿದ್ದರು. ಅವರೆಕಾಯಿ ರಾಶಿಯ ಸುತ್ತ ಜನ ಮುತ್ತಿದ್ದರಿಂದ ಕಾರು ನಿಂತಿತು. ಆಗ ಫೋನು ಹೊಡೆದುಕೊಂಡಿತು. ಎರಡೂವರೆ ವರ್ಷದಿಂದ ಆ ಪರದೆಯ ಮೇಲೆ ಬಂದಿರದ ಹೆಸರು.

“ಎಲ್ಲಿದೀಯ?”

“ಗಾಂಧಿ ಬಜಾರು.”

“ನಿನ್ನ ನೀಲಿ ಫೈಲು ನನ್ನ ಮೇಜಿನ ಮೇಲಿದೆ. ಒಳಗೆ ಅಸಲು ಮಾರ್ಕ್ಸ್ ಕಾರ್ಡು.”

ನಾನು ಪಕ್ಕಕ್ಕೆ ಕೈಯಾಡಿಸಿದೆ. ಪೇಟವೂ ಇರಲಿಲ್ಲ, ಫೈಲೂ ಇರಲಿಲ್ಲ. ಗಂಡ ಹಣೆ ಚಚ್ಚಿಕೊಂಡರು.

“ಈ ಸಲ ನೀನೇ ಬಂದು ತಗೊಂಡು ಹೋಗು,” ಎಂದಳು ಅವಳು. “ನಾನೀಗ ಡೀನು. ಆಟೊ ಹತ್ತಿ ಓಡಿ ಬರೋಕಾಗಲ್ಲ.”

ಕಾರು ತಿರುಗುವಷ್ಟರಲ್ಲಿ ಕಿಟಕಿಯಿಂದಲೇ ಎರಡು ಮೊಳ ಮಲ್ಲಿಗೆ ತೆಗೆದುಕೊಂಡೆ. ವಾಪಸು ಹೋದಾಗ ಕಟ್ಟಡ ಖಾಲಿಯಾಗಿತ್ತು, ಕಾರಿಡಾರಿನಲ್ಲಿ ಕೇಸರಿಬಾತ್ ಘಮ ಮಾತ್ರ ಉಳಿದಿತ್ತು. ಅವಳು ಡೀನ್ ಕೋಣೆಗೆ ಹೋಗಿರಲಿಲ್ಲ, ತನ್ನ ಕೋಣೆಯಲ್ಲೇ ಇದ್ದಳು. ಮೇಜಿನ ಮೇಲೆ ಎರಡು ತಟ್ಟೆ ಖಾರಾಬಾತ್, ಅವುಗಳ ನಡುವೆ ನನ್ನ ಫೈಲು. ಫೈಲಿನ ಮೇಲೆ ಒಂದು ಚೀಟಿ ಅಂಟಿಸಿದ್ದಳು. ಅವಳ ದುಂಡು ಅಕ್ಷರ, ಹಸಿರು ಇಂಕು, ಕೆಳಗೆ ಸಹಿ, ದಿನಾಂಕ, ಎಲ್ಲ ಕ್ರಮವಾಗಿ.

‘ಚರ್ಚಿಸಿ’ ಎಂದು ಬರೆದಿತ್ತು.

ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ.